ಶೀಲಾ ಆಂಟಿಯ ಸೀಗೆಪುಡಿ ಮತ್ತು ಮಂಗಳವಾರದ ಬಕೆಟ್ಟು

ನನ್ನ ಗಂಡ ಸುಳ್ಳು ಹೇಳಿದವರಲ್ಲ. ಹೇಳೋಕೆ ಬರೋದೂ ಇಲ್ಲ. ನಮ್ಮ ಮನೆಯಲ್ಲಿ ಆ ಇಲಾಖೆಯನ್ನು ಮದುವೆಯಾದ ದಿನದಿಂದ ನಾನೇ ನೋಡಿಕೊಂಡು ಬಂದಿದ್ದೇನೆ. ಆದ್ದರಿಂದ ತೊಂಬತ್ತಾರನೇ ಇಸವಿಯ ದೀಪಾವಳಿಯಲ್ಲಿ, ಅಮೆರಿಕದ ರಾಲಿ ಊರಿನ ಸಮಸ್ತ ಕನ್ನಡಿಗರ ಮುಂದೆ ನಡೆದದ್ದಕ್ಕೆ ಅವರನ್ನು ಯಾರೂ ಬೈಯಬಾರದು. ಬೈಯೋದಿದ್ದರೆ ನನ್ನನ್ನು ಬೈಯಿರಿ. ಅದೂ ಪೂರ್ತಿ ಓದಿ ಮುಗಿಸಿದ ಮೇಲೆ ಬೈಯಿರಿ, ಆಗ ಕಾರಣಗಳು ಜಾಸ್ತಿ ಸಿಗುತ್ತವೆ.

ಶುರುವಾದದ್ದು ಆ ವರ್ಷದ ಯುಗಾದಿ ಊಟದಲ್ಲಿ. ಒಬ್ಬಟ್ಟಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಹಿಂದೆ ನಿಂತಿದ್ದವಳು ಮಧುರಾ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಗೆ ಹೊಸದಾಗಿ ಬಂದವಳು. "ಹರಿಣಿ, ನಮ್ಮ ಶಶಾಂಕ್ ಸಾಫ್ಟ್‌ವೇರಲ್ಲಿದ್ದಾರೆ. ನಿಮ್ಮನೆಯವರು ಏನ್ ಮಾಡ್ತಾರೆ?" ಅಂದಳು. ಕೇಳೋಕೆ ಅವಳಿಗೆ ಬೇರೆ ಜಾಗವೇ ಸಿಗಲಿಲ್ಲ. ಹಿಂದೆ ಮುಂದೆ ಹತ್ತು ಹೆಂಗಸರು, ಎಲ್ಲರ ಗಂಡಂದಿರೂ ಸಾಫ್ಟ್‌ವೇರು, ಇಲ್ಲದಿದ್ದರೆ ಡಾಕ್ಟರು. ಎಲ್ಲರೂ ಕಿವಿ ನನ್ನ ಕಡೆ ತಿರುಗಿಸಿದರು.

ಈಗ ನಿಮಗೆ ನಿಜ ಹೇಳಿಬಿಡುತ್ತೇನೆ. ನಮ್ಮನೆಯವರ ಹೆಸರು ತ್ಯಾಗರಾಜ. ಮೈಸೂರಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ರಾಲಿಯ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ ಕೆಲಸ. ಶಾಂಪೂ, ಫೇಸ್ ಕ್ರೀಮು, ಲೋಷನ್ನು ಮಾಡುವ ಕಂಪನಿಗಳು ತಮ್ಮ ಸರಕನ್ನು ಆ ಲ್ಯಾಬಿಗೆ ಕಳಿಸುತ್ತವೆ. ನಾವು ತಲೆ ತೊಳೆದುಕೊಂಡ ನೀರು ಮೋರಿಗೆ ಹೋಗುತ್ತಲ್ಲ, ಅಲ್ಲಿಂದ ಮುಂದೆ ಆ ಶಾಂಪೂವಿನ ಗತಿ ಏನು? ಕೊಳೆತು ಇಲ್ಲವಾಗುತ್ತೋ, ಹಾಗೇ ಹೊಳೆಗೆ ಹೋಗಿ ಅಲ್ಲಿನ ಜೀವಿಗಳ ಪ್ರಾಣ ತೆಗೆಯುತ್ತೋ? ಅದನ್ನು ಪರೀಕ್ಷೆ ಮಾಡಿ ಹೇಳುವುದು ಇವರ ಕೆಲಸ. ಕೊಳೆಸುವುದಕ್ಕೆ ಬ್ಯಾಕ್ಟೀರಿಯಾ ಬೇಕು. ಬ್ಯಾಕ್ಟೀರಿಯಾ ಪುಷ್ಕಳವಾಗಿ ಸಿಗುವುದು ಊರಿನ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟಿನಲ್ಲಿ. ಹಾಗಾಗಿ ಪ್ರತಿ ಮಂಗಳವಾರ ಇವರು ಗಮ್‌ಬೂಟು ಏರಿಸಿಕೊಂಡು ಅಲ್ಲಿಗೆ ಹೋಗಿ, ಎರಡು ಬಿಳಿ ಬಕೆಟ್ಟುಗಳಲ್ಲಿ ರಾಲಿ ನಗರದ ಸಕಲ ನಾಗರಿಕರ ಕೊಡುಗೆಯನ್ನು ತುಂಬಿಸಿಕೊಂಡು ಬರುತ್ತಾರೆ.

ಇದನ್ನು ಒಬ್ಬಟ್ಟಿನ ಸಾಲಿನಲ್ಲಿ ಹೇಳೋದು ಹೇಗೆ ಸ್ವಾಮಿ?

"ಕಾಸ್ಮೆಟಿಕ್ ಸೈಂಟಿಸ್ಟ್," ಅಂದೆ.

"ಅಯ್ಯೋ!" ಅಂದಳು ಮಧುರಾ. ಆ ಅಯ್ಯೋದಲ್ಲಿ ಇದ್ದ ಹೊಟ್ಟೆಕಿಚ್ಚು ಎಷ್ಟು ಚೆನ್ನಾಗಿತ್ತು ಅಂದರೆ, ಅವತ್ತು ನಾನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.

ಮುಂದಿನ ಶನಿವಾರವೇ ಅವಳು ಮೂರು ಕ್ರೀಮಿನ ಡಬ್ಬಿ ಹಿಡಿದು ಕೆಳಗಿಳಿದು ಬಂದಳು. "ತ್ಯಾಗರಾಜ್, ನೀವೇ ಹೇಳ್ಬೇಕು. ಇದರಲ್ಲಿ ಯಾವುದು ಒಳ್ಳೇದು?"

ನಾನು ಕಾಫಿಯ ನೆಪದಲ್ಲಿ ಅಡುಗೆಮನೆ ಬಾಗಿಲಿಗೆ ಸರಿದೆ. ಇವರಿಗೆ ಮಾತ್ರ ಪರಮಾನಂದ. ಅವರ ಕೆಲಸದ ಬಗ್ಗೆ ಯಾರೂ ಅಷ್ಟು ಅಕ್ಕರೆಯಿಂದ ಕೇಳಿದವರೇ ಇರಲಿಲ್ಲ. ಕನ್ನಡಕ ಹಣೆಗೇರಿಸಿ, ಡಬ್ಬಿ ಹಿಂದಿನ ಸಣ್ಣಕ್ಷರಗಳನ್ನು ಮೂಗಿನ ಹತ್ತಿರ ಹಿಡಿದು ಓದಿದರು.

"ಇದು ಹತ್ತೇ ದಿನಕ್ಕೆ ಹೊರಟುಹೋಗುತ್ತೆ. ಇದು ಇಪ್ಪತ್ತು ದಿನ. ಇದಿದ್ಯಲ್ಲ, ಇದು ಜಪ್ಪಯ್ಯ ಅಂದ್ರೂ ಹೋಗಲ್ಲ. ಮೂರು ತಿಂಗಳಾದ್ರೂ ಹಾಗೇ ಕೂತಿರುತ್ತೆ."

"ಮೂರು ತಿಂಗಳು?" ಮಧುರಾಳ ಕಣ್ಣು ಅರಳಿತು.

"ಏನ್ ಮಾಡಿದ್ರೂ ಹೋಗಲ್ಲ," ಅಂದರು ಇವರು, ಬಹಳ ದುಃಖದಿಂದ.

ಅವಳು ಅವತ್ತೇ ಸಂಜೆ ಆ ಮೂರನೆಯದರ ನಾಲ್ಕು ಡಬ್ಬಿ ತಂದಿಟ್ಟುಕೊಂಡಳು. ಸುದ್ದಿ ಫೋನಿನಲ್ಲಿ ಹರಡಿತು. ಬೇಸಿಗೆ ಬರುವಷ್ಟರಲ್ಲಿ ಪಕ್ಕದ ರಾಜ್ಯದ ಫೋರ್ಟ್ ಮಿಲ್ ಊರಿನಿಂದ ಗುರುತಿಲ್ಲದವರೊಬ್ಬರು ಫೋನ್ ಮಾಡಿ, ತಲೆಗೂದಲಿಗೆ ಏನು ಹಚ್ಚಲಿ ಅಂತ ಕೇಳಿದರು. ಇವರು ಯಾವುದನ್ನು ಕೊಳೆಯಲ್ಲ, ಹೋಗಲ್ಲ, ಶನಿ ಥರ ಅಂಟಿಕೊಳ್ಳುತ್ತೆ ಅಂತ ಬೈಯುತ್ತಿದ್ದರೋ, ಅದನ್ನೇ ನಮ್ಮ ಜನ ಹುಡುಕಿ ಹುಡುಕಿ ತಂದರು. ಉತ್ತರ ಕೆರೊಲೈನಾದ ಹೊಳೆಗಳಿಗೆ ಆ ವರ್ಷ ಕನ್ನಡಿಗರು ಮಾಡಿದಷ್ಟು ದ್ರೋಹವನ್ನು ಇನ್ಯಾರೂ ಮಾಡಿರಲಾರರು. "ನಮ್ಮವರಿಗೆ ಪರಿಸರದ ಮೇಲೆ ಎಷ್ಟು ಕಾಳಜಿ ನೋಡೇ," ಅಂತ ಇವರು ಸಂಭ್ರಮಪಡುತ್ತಿದ್ದರು. ನಾನು ಬಂದವರಿಗೆಲ್ಲ ಕಾಫಿ ಮಾಡಿ ಕೊಡುತ್ತಾ, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ದೇವರು ಕ್ಷಮಿಸುತ್ತಿದ್ದ. ವಿಷಯ ಶೀಲಾ ಆಂಟಿಯ ಕಿವಿಗೆ ಬಿತ್ತು.

ಶೀಲಾ ಆಂಟಿ ಅಂದರೆ ಡಾಕ್ಟರ್ ಬದರಿನಾಥರ ಹೆಂಡತಿ. ಅಂಕಲ್ ಹೃದಯದ ಡಾಕ್ಟರು, ಅರವತ್ತೊಂಬತ್ತರಲ್ಲೇ ಬಂದು ನೆಲೆಸಿದವರು, ಕನ್ನಡ ಸಂಘದ ಅಧ್ಯಕ್ಷರು. ಎಂದಿನಿಂದ ಅಧ್ಯಕ್ಷರು ಅನ್ನೋದು ಅವರಿಗೂ ಮರೆತಿದೆ. ನಾವು ಎರಡು ಸೂಟ್‌ಕೇಸು ಹಿಡಿದು ಬಂದಿಳಿದಾಗ ಕುಕ್ಕರು, ಕಂಬಳಿ, ಈಳಿಗೆಮಣೆ ತಂದುಕೊಟ್ಟವರು ಆಂಟಿ. ಚರ್ಚಿನ ಪಾರ್ಕಿಂಗ್ ಲಾಟಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದವರು ಆಂಟಿ. ಅವರ ಹೊಸ ಕಾರನ್ನು ನಾನು ದೀಪದ ಕಂಬಕ್ಕೆ ಗುದ್ದಿಸಿದಾಗ, "ಕಂಬ ಅಡ್ಡ ಬಂತು ಬಿಡು," ಅಂದವರು. ಇಂಥವರಿಗೆ ನಾನು ಮಾಡಿದ್ದು ಹೇಳಿದರೆ ನನ್ನ ನಾಲಿಗೆಗೇ ಹುಳ ಬೀಳಬೇಕು. ಆದರೂ ಹೇಳುತ್ತೇನೆ.

"ಹರಿಣಿ, ನಾನೊಂದು ಪ್ರಾಡಕ್ಟ್ ಮಾಡಿದ್ದೀನಿ ಕಣೇ," ಅಂದರು ಒಂದು ದಿನ ಮನೆಗೆ ಕರೆಸಿ. ಸೀಗೆಪುಡಿ. ಅವರಜ್ಜಿ ಮಾಡುತ್ತಿದ್ದ ಲೆಕ್ಕದಲ್ಲೇ ಸೀಗೆಕಾಯಿ, ಅಂಟುವಾಳ, ಮೆಂತ್ಯ, ಚಿಗರೆಪುಡಿ, ಒಣಗಿಸಿದ ಕಿತ್ತಳೆ ಸಿಪ್ಪೆ. ಗ್ಯಾರೇಜಿನಲ್ಲಿ ಮೆಷಿನ್ ಇಟ್ಟು ಪುಡಿ ಮಾಡಿಸಿ ಜರಡಿ ಹಿಡಿದಿದ್ದರು. ಅಂಕಲ್ ಎರಡು ತಿಂಗಳಿಂದ ಸೀನುತ್ತಿದ್ದರು.

"ಚಾಪೆಲ್ ಹಿಲ್‌ನಲ್ಲಿ ಗೇಲ್ ಅಂತ ಒಬ್ಬಳು ನ್ಯಾಚುರಲ್ ಸಾಮಾನಿನ ಅಂಗಡಿ ಇಟ್ಟಿದ್ದಾಳೆ. ಇದನ್ನ ಇಡ್ತೀನಿ ಅಂದಿದ್ದಾಳೆ. ಒಂದೇ ಕಂಡೀಷನ್. ತೊಳೆದ ನೀರಿಂದ ಹಳ್ಳ ಹೊಳೆಗೆ ಏನೂ ಕೆಡುಕಾಗಲ್ಲ ಅಂತ ಲ್ಯಾಬಲ್ಲಿ ಟೆಸ್ಟ್ ಆಗಿರ್ಬೇಕಂತೆ. ನಮ್ಮ ತ್ಯಾಗರಾಜನೇ ಇದ್ದಾನಲ್ಲ! ದೀಪಾವಳಿ ಪ್ರೋಗ್ರಾಮಿಗೆ ಅವಳನ್ನೂ ಕರೀತೀನಿ. ತ್ಯಾಗರಾಜ ಸ್ಟೇಜ್ ಮೇಲೆ ರಿಸಲ್ಟ್ ಹೇಳ್ಲಿ."

"ಶೀಲಾಗೆ ಇದೊಂದು ಹೊಸ ಹಾಬಿ," ಅಂದರು ಅಂಕಲ್ ಪೇಪರಿನ ಹಿಂದಿನಿಂದ, ಮತ್ತೆ ಸೀನಿದರು.

ಆಂಟಿ ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದರು: "ಇಪ್ಪತ್ತೇಳು ವರ್ಷದಿಂದ ಈ ಊರಲ್ಲಿ ನಾನು ಮಿಸೆಸ್ ಬದರಿನಾಥ್ ಕಣೇ. ಈ ಪೊಟ್ಟಣದ ಮೇಲೆ ಮಾತ್ರ ಶೀಲಾ ಅಂತ ಇರುತ್ತೆ."

ಮನೆಗೆ ಬಂದು ಹೇಳಿದ ಕೂಡಲೇ ಇವರು ಒಪ್ಪಿದರು. ಇಡೀ ಊರಿನಲ್ಲಿ ಇವರ ನಿಜವಾದ ಕೆಲಸವನ್ನೇ ಕೇಳಿದವರು ಆಂಟಿ ಒಬ್ಬರೇ. ಬಾಸ್ ಪೆಗ್ಗಿಯ ಅನುಮತಿ ತೆಗೆದುಕೊಂಡು, ದಿನಾ ಲಂಚ್ ಅವರ್‌ನಲ್ಲಿ ಸೀಗೆಪುಡಿಯ ಸೇವೆಗೆ ನಿಂತರು.

ಅಕ್ಟೋಬರಿನಲ್ಲಿ ಒಂದು ಮಂಗಳವಾರ ಲ್ಯಾಬಿನ ವ್ಯಾನ್ ಕೆಟ್ಟಿತು. ಇವರು ನಮ್ಮ ಕೊರೊಲಾ ಕಾರಿನಲ್ಲೇ ಪ್ಲಾಂಟಿಗೆ ಹೋಗಿ ಬಕೆಟ್ಟು ತುಂಬಿಸಿ ಟ್ರಂಕಿನಲ್ಲಿ, ಅಂದರೆ ಡಿಕ್ಕಿಯಲ್ಲಿ, ಇಟ್ಟುಕೊಂಡರು. ಅಲ್ಲಿಂದ ಲ್ಯಾಬಿಗೆ ಹೋಗಬೇಕು ತಾನೇ? ಏನೋ ಯೋಚನೆಯಲ್ಲಿ ನೆಟ್ಟಗೆ ಮನೆಗೆ ಬಂದರು. ಅವತ್ತು ಆಂಟಿಯನ್ನು ಕರೆದುಕೊಂಡು ಪಕ್ಕದ ಕ್ಯಾರಿ ಊರಿನಲ್ಲಿ ದೀಪಾವಳಿಗೆ ಗೊತ್ತು ಮಾಡಿದ್ದ ಶಾಲೆಯ ಹಾಲ್ ನೋಡಲು ಹೋಗಬೇಕಿತ್ತು. ಸೆಪ್ಟೆಂಬರಿನಲ್ಲಿ ಬಂದ ಫ್ರಾನ್ ಚಂಡಮಾರುತ ಆಂಟಿಯ ಕಾರಿನ ಮೇಲೆ ಓಕ್ ಮರ ಕೆಡವಿತ್ತು, ಕಾರಿನ್ನೂ ರಿಪೇರಿಯಿಂದ ಬಂದಿರಲಿಲ್ಲ. ಇವರು ಸ್ಟೀರಿಂಗ್ ಹಿಡಿದರು, ಆಂಟಿ ಮುಂದೆ ಕೂತರು, ನಾನು ಹಿಂದೆ, ಟ್ರಂಕಿಗೆ ಬೆನ್ನು ಕೊಟ್ಟು.

ಎರಡು ಮೈಲಿ ಹೋಗಿರಲಿಲ್ಲ, ಆಂಟಿ ಮೂಗು ಅಗಲಿಸಿದರು.

"ಹರಿಣಿ, ಏನೋ ವಾಸನೆ ಅಲ್ವೇನೇ?"

"ಹಿಂಗು ಆಂಟಿ," ಅಂದೆ. ಎಲ್ಲಿಂದ ಬಂತೋ ಆ ಹಿಂಗು, ಆ ಪರಮಾತ್ಮನಿಗೇ ಗೊತ್ತು.

"ಹಿಂಗು? ಇಷ್ಟೊಂದಾ?"

"ಸಂಘದ ಊಟಕ್ಕೆ ಅಂತ ಜಾಸ್ತಿ ತರಿಸಿದ್ದೀನಿ. ಟ್ರಂಕಲ್ಲಿದೆ."

ಇವರು ಏನೋ ಹೇಳಲು ಬಾಯಿ ತೆರೆದರು. ನಾನು ಹಿಂದಿನಿಂದ ಅವರ ಸೀಟಿಗೆ ಮಂಡಿ ಒತ್ತಿ ಹಿಡಿದೆ. ಅಷ್ಟರಲ್ಲಿ ಹಿಂದೆ ನೀಲಿ ದೀಪ ಮಿನುಗಿತು. ನಮ್ಮ ಹಿಂದಿನ ಲೈಟು ಉರಿಯುತ್ತಿರಲಿಲ್ಲವಂತೆ. ಪೊಲೀಸಿನವನು ಕಿಟಕಿಗೆ ಬಗ್ಗಿ, ಉಸಿರೆಳೆದುಕೊಂಡು, ಮುಖ ಕಿವುಚಿ, ಟ್ರಂಕಲ್ಲಿ ಏನಿದೆ ಅಂತ ಕೇಳಿದ. ಇವರು ಉತ್ತರ ಕೊಡುವ ಮೊದಲೇ ನಾನು, "ಇಳಿದು ತೋರಿಸ್ಬಿಡಿ ರೀ, ತೋರಿಸ್ಬಿಡಿ," ಅಂತ ಅವರನ್ನು ಹೊರಗಟ್ಟಿ, ಆಂಟಿಗೆ ಹೇಳಿ ಕಿಟಕಿ ಹಾಕಿಸಿದೆ.

ಸೈಡ್ ಕನ್ನಡಿಯಲ್ಲಿ ಸ್ವಲ್ಪ ಸ್ವಲ್ಪ ಕಾಣುತ್ತಿತ್ತು. ಇವರು ಬಕೆಟ್ಟಿನ ಮುಚ್ಚಳ ತೆಗೆದರು. ಪೊಲೀಸಿನವನು ಟೋಪಿಯನ್ನು ಮೂಗಿಗೆ ಹಿಡಿದು ಮೂರು ಹೆಜ್ಜೆ ಹಿಂದೆ ಹೋದ. ಇವರು ವಿವರಿಸಲು ಮೂರು ಹೆಜ್ಜೆ ಮುಂದೆ ಹೋದರು. ಅವನು ಇನ್ನೂ ಹಿಂದೆ ಹೋದ. ಹೀಗೆ ಇಬ್ಬರೂ ಅವನ ಕಾರಿನ ತನಕ ಹೋದರು. ಕಡೆಗೆ ಅವನು ಒಳಗೆ ಕೂತು ಬಾಗಿಲು ಹಾಕಿಕೊಂಡು, ಹೋಗಿ ಹೋಗಿ ಅಂತ ಕೈ ಬೀಸಿದ.

"ಟಿಕೆಟ್ ಕೊಡ್ಲೇ ಇಲ್ವಾ?" ಆಂಟಿಗೆ ಆಶ್ಚರ್ಯ.

"ಅವನು ಹಿಂಗು ಯಾವತ್ತೂ ನೋಡಿಲ್ವಂತೆ ಆಂಟಿ," ಅಂದೆ.

"ಪಾಪ, ಇವರಿಗೇನು ಗೊತ್ತು," ಅಂದು ಆಂಟಿ ಕಿಟಕಿ ಪೂರ್ತಿ ಇಳಿಸಿ, ಹಾಲ್ ಬರುವ ತನಕ ತಲೆ ಹೊರಗೆ ಹಾಕಿಕೊಂಡೇ ಕೂತರು. ನಾನು ಸೆರಗಿನಿಂದ ಬೆವರು ಒರೆಸಿಕೊಂಡೆ. ಎಂಥಾ ಜಾಣೆ ನಾನು ಅಂತ ಆಗ ಅನ್ನಿಸಿತ್ತು, ಅದನ್ನೂ ಹೇಳಿಬಿಡುತ್ತೇನೆ.

ದೀಪಾವಳಿ ಕಾರ್ಯಕ್ರಮದ ಹಿಂದಿನ ದಿನ ಇವರು ಅಡುಗೆಮನೆಗೆ ಬಂದರು. "ಎರಡು ಟೆಸ್ಟು, ಎರಡು ರಿಸಲ್ಟು ಕಣೇ. ಒಂದನ್ನೇ ತೋರಿಸಿದ್ರೆ ತಪ್ಪಾಗುತ್ತೆ. ಎರಡನ್ನೂ ಒಟ್ಟಿಗೆ ನೋಡ್ಬೇಕು." ಕೋಡುಬಳೆ ಎಣ್ಣೆಯಲ್ಲಿತ್ತು. ನಾನು ಹ್ಞೂಂ ಅಂದೆ. ಇವರು ಆಂಟಿಗೆ ಫೋನ್ ಮಾಡಿ ಹೇಳಲು ಹೋದರೆ, "ಈಗ ಬಾಯಿ ಬಿಡ್ಬೇಡ ಕಣೋ. ಎಲ್ಲರ ಜೊತೆ ನಾನೂ ಸ್ಟೇಜಲ್ಲೇ ಕೇಳ್ತೀನಿ. ಸೀಗೆಕಾಯಿ ಫೇಲಾಗೋ ವಸ್ತುವೇನೋ!" ಅಂತ ಆಂಟಿ ಫೋನಿಟ್ಟರು.

ಮಾರನೇ ಬೆಳಿಗ್ಗೆ ಇವರು ಒಂದು ಕಾಲುಚೀಲ ಹುಡುಕುತ್ತಾ ಮನೆಯೆಲ್ಲ ಸುತ್ತುತ್ತಿದ್ದರು. ನಾನು ಕಾಂಚೀಪುರಂ ಸೀರೆ ಉಟ್ಟು ತಯಾರಾಗಿದ್ದೆ. ಮೇಜಿನ ಮೇಲೆ ಇವರ ಫೈಲಿತ್ತು. ಓವರ್‌ಹೆಡ್ ಪ್ರೊಜೆಕ್ಟರ್ ಮೇಲಿಟ್ಟು ತೋರಿಸುವಂಥ ಮೂರು ಪಾರದರ್ಶಕ ಹಾಳೆಗಳು. ಮೊದಲನೆಯದರಲ್ಲಿ "ಶೀಲಾಸ್ ಸೀಗೆ" ಅಂತ ಬರೆದು ಹೂವು ಬಿಡಿಸಿದ್ದರು. ಎರಡನೆಯದರಲ್ಲಿ ಬರೀ ಅಂಕಿಗಳು, ನಾನು ಓದಲಿಲ್ಲ. ಮೂರನೆಯದನ್ನು ಎತ್ತಿ ಹಿಡಿದೆ. ಕೆಂಪು ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ತಲೆಬರಹ: "ರಾಲಿ ನಗರದ ಚರಂಡಿ ಕೆಸರಿನಲ್ಲಿ ಇಪ್ಪತ್ತೆಂಟು ದಿನ". ಕೆಳಗೆ ಪೆಗ್ಗಿ ತೆಗೆದ ಫೋಟೋ. ಗಮ್‌ಬೂಟು ಹಾಕಿ, ಎರಡು ಕೈಯಲ್ಲಿ ಎರಡು ತುಂಬಿದ ಬಕೆಟ್ಟು ಹಿಡಿದು ನನ್ನ ಗಂಡ ನಗುತ್ತಿದ್ದಾರೆ. ನಮ್ಮ ಮದುವೆ ಫೋಟೋದಲ್ಲೂ ಅವರು ಹಾಗೆ ನಕ್ಕಿಲ್ಲ.

ಮಧುರಾ ನೋಡುತ್ತಾಳೆ. ಒಬ್ಬಟ್ಟಿನ ಸಾಲಿನ ಹತ್ತೂ ಜನ ನೋಡುತ್ತಾರೆ. ಇನ್ನೂರು ಜನ ನೋಡುತ್ತಾರೆ. ಹಾಳೆಯನ್ನು ಸುರುಳಿ ಸುತ್ತಿ ನನ್ನ ಹ್ಯಾಂಡ್‌ಬ್ಯಾಗಿಗೆ ತುರುಕಿದೆ. ಉಳಿದ ಎರಡು ಹಾಳೆ ಸಾಕಲ್ಲ, ಅಂದುಕೊಂಡೆ.

ಹಾಲ್ ತುಂಬಿತ್ತು. ಮಕ್ಕಳ ಡ್ಯಾನ್ಸು ಮುಗಿಯಿತು. ಮುಂದಿನ ಸಾಲಿನಲ್ಲಿ ಸಾಸಿವೆ ಬಣ್ಣದ ಮೈಸೂರು ಸಿಲ್ಕ್ ಉಟ್ಟು ಶೀಲಾ ಆಂಟಿ, ಪಕ್ಕದಲ್ಲಿ ಬಿಳಿ ಜಡೆಯ ಗೇಲ್. ಇಬ್ಬರ ಮುಂದೆ ಮೇಜಿನ ಮೇಲೆ ಹಳದಿ ರಿಬ್ಬನ್ ಕಟ್ಟಿದ ಅರವತ್ತು ಪೊಟ್ಟಣ, ಗೋಪುರದ ಹಾಗೆ ಜೋಡಿಸಿಟ್ಟಿದ್ದರು. ಗೇಲ್ ಒಂದು ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಮೂಸಿ ಮೂಸಿ ನೋಡುತ್ತಿದ್ದಳು.

ಬದರಿನಾಥ್ ಅಂಕಲ್ ಮೈಕ್ ಹಿಡಿದರು. "ಸೌಂದರ್ಯವರ್ಧಕ ವಿಜ್ಞಾನದಲ್ಲಿ ಅಮೆರಿಕದಲ್ಲೇ ಹೆಸರು ಮಾಡಿರುವ ನಮ್ಮ ಹೆಮ್ಮೆಯ ವಿಜ್ಞಾನಿ..." ಅಂದಾಗ ಇವರು ಯಾರು ಬರುತ್ತಿದ್ದಾರೆ ಅಂತ ಹಿಂದೆ ತಿರುಗಿ ನೋಡಿದರು. ನಾನು ತಳ್ಳಿ ಕಳಿಸಿದೆ.

ಮೊದಲ ಹಾಳೆಗೆ ಚಪ್ಪಾಳೆ ಬಿತ್ತು. ಎರಡನೆಯದನ್ನು ಇಟ್ಟರು.

"ಇವು ಡಾಫ್ನಿಯಾ ಅಂತ. ಸಾಸಿವೆಗಿಂತ ಚಿಕ್ಕ ನೀರುಹುಳ. ಹೊಳೆಯಲ್ಲಿ ಮರಿಮೀನಿಗೆ ಇವೇ ಊಟ. ಇಪ್ಪತ್ತು ಹುಳ ಶುದ್ಧ ನೀರಲ್ಲಿ ಬಿಟ್ಟೆ. ಎರಡು ದಿನ ಆದ್ಮೇಲೂ ಇಪ್ಪತ್ತೂ ಓಡಾಡ್ಕೊಂಡಿದ್ವು. ಇನ್ನಿಪ್ಪತ್ತು ಹುಳ ಶೀಲಾ ಆಂಟಿ ಸೀಗೆಪುಡಿ ಕಲಸಿದ ನೀರಲ್ಲಿ ಬಿಟ್ಟೆ." ಇವರು ಮುಗುಳ್ನಕ್ಕರು. "ಇಪ್ಪತ್ತೂ ಸತ್ತುಹೋದ್ವು!"

ಮುಂದಿನ ಹಾಳೆಯಲ್ಲಿ ಒಳ್ಳೆಯ ಸುದ್ದಿ ಇದೆ ಅಂತ ಗೊತ್ತಿದ್ದವರ ನಗು ಅದು. ಅದು ಗೊತ್ತಿಲ್ಲದ ಇನ್ನೂರು ಜನಕ್ಕೆ ಅದು ಹೇಗೆ ಕಾಣಿಸಿತು ಅಂತ ನೀವೇ ಊಹಿಸಿಕೊಳ್ಳಿ. ಇವರು ಫೈಲಿಗೆ ಕೈ ಹಾಕಿದರು. ಹಾಳೆ ಇಲ್ಲ. ಮೇಜಿನ ಕೆಳಗೆ ಬಗ್ಗಿದರು. ಕೋಟಿನ ಜೇಬು ತಡಕಿದರು. ಪ್ಯಾಂಟಿನ ಜೇಬಿನಿಂದ ಬೆಳಿಗ್ಗೆ ಸಿಗದಿದ್ದ ಕಾಲುಚೀಲ ಬಂತು.

ಮೂರನೇ ಸಾಲಿನಿಂದ ಗೋಪಿನಾಥ್ ಅಂಕಲ್ ಎದ್ದು ನಿಂತರು. ವಯಸ್ಸಾದವರು, ಕೋಪ ಮೂಗಿನ ತುದಿಯಲ್ಲೇ. "ಏನಯ್ಯಾ, ಸೀಗೆಕಾಯಿ ವಿಷ ಅಂತೀಯಾ? ದಿನಾ ಅದರಲ್ಲೇ ತಲೆ ತೊಳ್ಕೊಂಡು ನಮ್ಮಜ್ಜಿ ತೊಂಬತ್ತೆರಡು ವರ್ಷ ಬದುಕಿದ್ರು!"

"ನಿಮ್ಮಜ್ಜಿ ಡಾಫ್ನಿಯಾ ಅಲ್ಲ ಅಂಕಲ್," ಅಂದರು ಇವರು ಮೇಜಿನ ಕೆಳಗಿನಿಂದ.

"ನಮ್ಮಜ್ಜಿ ಬಗ್ಗೆ ಮಾತಾಡ್ತೀಯಾ!"

ಅಷ್ಟಕ್ಕೆ ಹೊಸಪೇಟೆ ಕಡೆಯ ದಾನಪ್ಪ ಸಹಾಯಕ್ಕೆ ಬಂದರು. ಬರದಿದ್ದರೆ ಚೆನ್ನಾಗಿತ್ತು. "ಅವರು ಹೇಳೋದು ಖರೇ ಐತ್ರೀ. ನಮ್ಮೂರ ಹಳ್ಳದಾಗ ಬ್ಯಾಸಿಗ್ಯಾಗ ಇಂಥಾ ಕಾಯಿ ಜಜ್ಜಿ ಒಗೀತಿದ್ರು. ಮೀನ ಎಲ್ಲಾ ಹೊಟ್ಟಿ ಮ್ಯಾಲ ಮಾಡಿ ತೇಲಿ ಬರ್ತಿದ್ವು. ಪುಟ್ಟಿ ತುಂಬಿಸ್ಕೊಂಡು ಹೋಗ್ತಿದ್ರು ನೋಡ್ರಿ."

"ಹೊಳೆ ಮೀನು ಸಾಯಿಸೋ ಪುಡಿನಾ!" ಅಂತ ಹಿಂದಿನಿಂದ ಯಾರೋ ಕೂಗಿದರು. ಹಾಲ್ ಗೊಳ್ಳೆಂದಿತು. ಬದರಿನಾಥ್ ಅಂಕಲ್ ಮೈಕಿನಲ್ಲೇ ನಕ್ಕು, "ಅದಕ್ಕೇ ಹೇಳೋದು, ಹಾಬಿ ಹಾಬಿಯಾಗಿಯೇ ಇರ್ಬೇಕು," ಅಂದರು. ಗೇಲ್‌ಗೆ ಕನ್ನಡ ಬರುತ್ತಿರಲಿಲ್ಲ. ಪರದೆಯ ಮೇಲೆ ಇಪ್ಪತ್ತಕ್ಕೆ ಇಪ್ಪತ್ತು ಸಾವು ಅಂತ ಇಂಗ್ಲಿಷಿನಲ್ಲೇ ಇತ್ತು. ಅವಳು ತೊಡೆಯ ಮೇಲಿನ ಪೊಟ್ಟಣವನ್ನು ಮೆಲ್ಲಗೆ ಎತ್ತಿ ಮತ್ತೆ ಮೇಜಿನ ಮೇಲೆ ಇಟ್ಟಳು.

ಆಂಟಿ ಅದನ್ನು ನೋಡಿದರು. ಆ ಪೊಟ್ಟಣದ ರಿಬ್ಬನ್ ಸೊಟ್ಟಗಾಗಿತ್ತು, ಬೆರಳಿನಿಂದ ನೆಟ್ಟಗೆ ಮಾಡಿದರು.

"ನಿಮ್ಮ ಹಸ್ಬೆಂಡ್ ಎಂಥಾ ಸೈಂಟಿಸ್ಟ್ ರೀ? ಆಂಟಿ ಮರ್ಯಾದೆ ತೆಗೆದ್ಬಿಟ್ರಲ್ಲ," ಅಂತ ಮಧುರಾ ನನ್ನ ಕಿವಿಯಲ್ಲಿ ಉಸುರಿದಳು.

ನನ್ನ ತೊಡೆಯ ಮೇಲೆ ಹ್ಯಾಂಡ್‌ಬ್ಯಾಗು. ಹಿಂದಿನ ದಿನ ಎಣ್ಣೆಯ ಮುಂದೆ ಹ್ಞೂಂ ಅಂದಿದ್ದು ಈಗ ನೆನಪಿಗೆ ಬಂತು. ಎರಡನ್ನೂ ಒಟ್ಟಿಗೆ ನೋಡಬೇಕು. ಜಿಪ್ ಎಳೆದರೆ ಆಂಟಿ ಮಾನ ಉಳಿಯುತ್ತೆ, ನನ್ನದು ಹೋಗುತ್ತೆ. ನಾಚಿಕೆಯಾಗುತ್ತೆ ಹೇಳೋಕೆ, ನಾನು ಎದ್ದೇಳಲಿಲ್ಲ. ಕೂತೇ ಇದ್ದೆ. ಇವರು ಇನ್ನೊಮ್ಮೆ ಜೇಬುಗಳನ್ನು ತಡಕುವುದನ್ನು ನೋಡುತ್ತಾ ಕೂತಿದ್ದೆ. ಆಂಟಿ ಮೇಜಿನ ಕೆಳಗಿದ್ದ ರಟ್ಟಿನ ಡಬ್ಬ ಎಳೆದುಕೊಂಡು, ಪೊಟ್ಟಣಗಳನ್ನು ಒಂದೊಂದಾಗಿ ಅದರಲ್ಲಿ ತುಂಬಲು ಶುರು ಮಾಡುವುದನ್ನು ನೋಡುತ್ತಾ ಕೂತಿದ್ದೆ. ಒಂದು, ಎರಡು, ಐದು. ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹತ್ತನೆಯದೋ ಹನ್ನೊಂದನೆಯದೋ ಪೊಟ್ಟಣ ಕೈತಪ್ಪಿ ಕೆಳಗೆ ಬಿತ್ತು. ಎತ್ತಿಕೊಡಲು ಯಾರೂ ಬಗ್ಗಲಿಲ್ಲ, ಅಂಕಲ್ಲೂ ಬಗ್ಗಲಿಲ್ಲ.

ಆಗ ಎದ್ದೆ. ಕಾಂಚೀಪುರಂ ಸೀರೆಯಲ್ಲಿ ಅಷ್ಟು ದೂರ ಯಾವತ್ತೂ ನಡೆದಿಲ್ಲ. ಸ್ಟೇಜ್ ಹತ್ತಿ, ಜಿಪ್ ಎಳೆದು, ಸುರುಳಿ ಬಿಚ್ಚಿ, ನನ್ನ ಕೈಯಾರೆ ಆ ಹಾಳೆಯನ್ನು ಪ್ರೊಜೆಕ್ಟರ್ ಮೇಲಿಟ್ಟೆ.

ಪರದೆಯ ಮೇಲೆ ಆಳೆತ್ತರದ ಕೆಂಪು ಅಕ್ಷರಗಳು. ರಾಲಿ ನಗರದ ಚರಂಡಿ ಕೆಸರು. ಅದರ ಕೆಳಗೆ ಗಮ್‌ಬೂಟು ಹಾಕಿಕೊಂಡ ನನ್ನ ಯಜಮಾನರು.

ಭೂಮಿ ಬಾಯಿಬಿಟ್ಟಿದ್ದರೆ ನಾನು ಚಪ್ಪಲಿ ಸಮೇತ ಇಳಿದುಹೋಗುತ್ತಿದ್ದೆ. ಇವರ ಮುಖ ಮಾತ್ರ ದೀಪದ ಹಾಗೆ ಬೆಳಗಿತು.

"ಹಾಂ, ಇದೇ! ನೋಡಿ, ಸೀಗೆಪುಡಿ ಹಸಿಹಸಿ ಹೊಳೆಗೆ ಬಿದ್ರೆ ಹುಳಕ್ಕೆ ಕಷ್ಟ. ದಾನಪ್ಪನವರು ಹೇಳಿದ್ದು ಸರಿ. ಆದ್ರೆ ನಮ್ಮ ಸ್ನಾನದ ನೀರು ನೆಟ್ಟಗೆ ಹೊಳೆಗೆ ಹೋಗಲ್ಲ, ಪ್ಲಾಂಟಿಗೆ ಹೋಗುತ್ತೆ. ಅಲ್ಲಿರೋ ಬ್ಯಾಕ್ಟೀರಿಯಾ ಆಂಟಿ ಪುಡೀನ ಹಬ್ಬದೂಟದ ಹಾಗೆ ತಿಂದುಹಾಕ್ತವೆ. ಇಪ್ಪತ್ತೆಂಟು ದಿನಕ್ಕೆ ನೂರಕ್ಕೆ ಎಂಬತ್ತೆಂಟು ಭಾಗ ಖಾಲಿ. ಆ ನೀರಲ್ಲಿ ಮತ್ತೆ ಇಪ್ಪತ್ತು ಹುಳ ಬಿಟ್ಟೆ. ಇಪ್ಪತ್ತೂ ಜೀವಂತ! ಇಷ್ಟು ಚೆನ್ನಾಗಿ ಪಾಸಾದ ಶಾಂಪೂ ನನ್ನ ಕೈಯಲ್ಲಿ ಮೂರೋ ನಾಲ್ಕೋ ಅಷ್ಟೇ. ಹಳ್ಳದಲ್ಲಿ ಕೂತು ತಲೆ ತೊಳೀಬೇಡಿ ಅಂತ ಒಂದು ಮಾತು ಪೊಟ್ಟಣದ ಮೇಲೆ ಬರೆದ್ರೆ ಆಯ್ತು." ಗೇಲ್‌ಗೋಸ್ಕರ ಅಷ್ಟನ್ನೂ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದರು. ಆಮೇಲೆ ಪರದೆಯ ಬಕೆಟ್ಟಿನ ಮೇಲೆ ಬೆರಳಿಟ್ಟು, "ಈ ಕೆಸರು ಪ್ರತಿ ಮಂಗಳವಾರ ನಾನೇ ಹೋಗಿ ತರೋದು," ಅಂತ ಎದೆ ಸೆಟೆಸಿದರು.

ಗೇಲ್ ಎದ್ದು, ಡಬ್ಬಕ್ಕೆ ಕೈ ಹಾಕಿ ತನ್ನ ಪೊಟ್ಟಣವನ್ನು ವಾಪಸು ತೆಗೆದುಕೊಂಡಳು. ಆಂಟಿಯ ಕೈ ಹಿಡಿದು ಕುಲುಕುತ್ತಾ, "ಶೀಲಾ, ಶೀಲಾ," ಅಂದಳು. ಆಂಟಿ ಕಣ್ಣೊರೆಸಿಕೊಂಡರು. ಆಮೇಲೆ ಪರದೆಯ ಮೇಲಿನ ಬಕೆಟ್ಟುಗಳನ್ನು ತುಂಬಾ ಹೊತ್ತು ನೋಡಿದರು. "ಮಂಗಳವಾರ," ಅಂದುಕೊಂಡರು. "ಹಿಂಗು."

ಮಧುರಾಗೂ ಅದೇ ಹೊತ್ತಿಗೆ ಜ್ಞಾನೋದಯವಾಯಿತು. "ತ್ಯಾಗರಾಜ್, ಹಾಗಾದ್ರೆ ಆ ಕ್ರೀಮು ಮೂರು ತಿಂಗಳು ಇರುತ್ತೆ ಅಂದ್ರಲ್ಲ, ಎಲ್ಲಿ ಇರುತ್ತೆ?"

"ಮೋರೀಲಿ! ಮತ್ತೆಲ್ಲಿ?" ಅಂದರು ಇವರು, ಇದೆಂಥ ಪ್ರಶ್ನೆ ಅನ್ನೋ ಹಾಗೆ. ಹತ್ತು ಹೆಂಗಸರು ಒಟ್ಟಿಗೆ ಕೆನ್ನೆ ಮುಟ್ಟಿ ನೋಡಿಕೊಂಡರು. ಆಮೇಲೆ ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು.

ಅವರು ನನ್ನನ್ನು ಹುರಿದು ಮುಕ್ಕಿದ್ದರೂ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ನನ್ನ ಗಂಡ ಬಿಡಬೇಕಲ್ಲ. ಮೈಕನ್ನು ಹತ್ತಿರ ಎಳೆದುಕೊಂಡು ಅಂದರು: "ನನ್ನ ಮರೆವು ನಿಮಗೆಲ್ಲ ಗೊತ್ತೇ ಇದೆ. ಈ ಹಾಳೇನ ಮನೇಲೇ ಬಿಟ್ಟು ಬಂದಿದ್ದೆ. ಹರಿಣಿ ನೆನಪಿಟ್ಕೊಂಡು ತಂದಿದ್ದಾಳೆ. ಅವಳಿಲ್ದೇ ಇದ್ದಿದ್ರೆ ನನ್ನ ಪೆದ್ದುತನದಿಂದ ಆಂಟಿಗೆ ಎಷ್ಟು ಅನ್ಯಾಯ ಆಗ್ತಿತ್ತು! ದಯವಿಟ್ಟು ಅವಳಿಗೊಂದು ಚಪ್ಪಾಳೆ."

ಹೊಡೆದರು ನೋಡಿ ಚಪ್ಪಾಳೆ! ಗೋಪಿನಾಥ್ ಅಂಕಲ್ ಎದ್ದು ನಿಂತು ಹೊಡೆದರು. ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಚಪ್ಪಾಳೆ ಅದು. ನಾನು ಕೈಮುಗಿದೆ. ಇನ್ನೇನು ಮಾಡಲಿ?

ಊಟದ ಹೊತ್ತಿಗೆ ಇವರ ಸುತ್ತ ಗಂಡಸರ ಜಾತ್ರೆ. ಒಬ್ಬರ ಮನೆಯ ಸೆಪ್ಟಿಕ್ ಟ್ಯಾಂಕ್ ಉಕ್ಕುತ್ತಂತೆ, ಇನ್ನೊಬ್ಬರದು ಬಚ್ಚಲಿನಲ್ಲಿ ವಾಸನೆಯಂತೆ. ಇಪ್ಪತ್ತು ವರ್ಷದಿಂದ ಯಾರನ್ನು ಕೇಳುವುದು ಅಂತ ತಿಳಿಯದೆ ಒದ್ದಾಡುತ್ತಿದ್ದವರೆಲ್ಲ ಇವರಿಗೆ ಮುತ್ತಿಕೊಂಡಿದ್ದರು. ನಾನು ಬಿಸಿಬೇಳೆಬಾತಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಆಂಟಿ ಪಕ್ಕಕ್ಕೆ ಬಂದರು.

"ಆ ಹಾಳೆ ಸುರುಳಿ ಸುತ್ತಿತ್ತು," ಅಂದರು. "ತ್ಯಾಗರಾಜನ ಫೈಲಲ್ಲಿ ಇದ್ದಿದ್ದು ಎರಡೂ ಚಪ್ಪಟೆಯಾಗಿದ್ವು."

ನಾನು ತಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

"ಎಷ್ಟು ಹೊತ್ತಿಂದ ನಿನ್ನ ಬ್ಯಾಗಲ್ಲಿತ್ತು?"

"ಬೆಳಿಗ್ಗೆಯಿಂದ ಆಂಟಿ."

"ನಾನು ಪೊಟ್ಟಣ ಡಬ್ಬಕ್ಕೆ ತುಂಬ್ತಿದ್ದಾಗಲೂ ಇತ್ತಾ?"

"ಇತ್ತು ಆಂಟಿ."

ಸುಳ್ಳು ಒಂದೂ ಹೊಳೆಯಲಿಲ್ಲ, ಹಿಂಗು ಕೂಡಾ. ಆಂಟಿ ಸೀರೆಯ ನೆರಿಗೆ ಸರಿ ಮಾಡಿಕೊಂಡರು. ಕೈಯಲ್ಲಿದ್ದ ಪೊಟ್ಟಣವೊಂದನ್ನು ನನ್ನ ತಟ್ಟೆಯ ಅಂಚಿನಲ್ಲಿಟ್ಟರು. "ತಗೋ. ನಾಳೆ ಎಣ್ಣೆ ಹಚ್ಕೊಂಡು ತಲೆಗೆ ಚೆನ್ನಾಗಿ ನೀರು ಹಾಕ್ಕೋ," ಅಂದು ಮುಂದೆ ಹೋದರು. ಅದಾದ ಮೇಲೆ ಯುಗಾದಿಯ ತನಕ ನನಗೆ ಫೋನ್ ಮಾಡಲಿಲ್ಲ. ಇವರಿಗೆ ಮಾತ್ರ ವಾರವಾರ ಮಾಡುತ್ತಿದ್ದರು, ಪೊಟ್ಟಣದ ಮೇಲೆ ಏನು ಬರೆಯಬೇಕು ಅಂತ ಕೇಳೋದಕ್ಕೆ.

ಇವರಿಗೆ ನಾನು ಇವತ್ತಿನವರೆಗೂ ನಿಜ ಹೇಳಿಲ್ಲ. ಮನೆಗೆ ಯಾರೇ ಬರಲಿ, ಊಟ ಮುಗಿದ ಮೇಲೆ ಆ ಕಥೆ ತೆಗೆಯುತ್ತಾರೆ. ತಾವು ಹಾಳೆ ಮರೆತದ್ದು, ಜೇಬಿನಿಂದ ಕಾಲುಚೀಲ ಬಂದದ್ದು, ಹೆಂಡತಿ ಸರಿಯಾದ ಹೊತ್ತಿಗೆ ಬಂದು ಕಾಪಾಡಿದ್ದು, ಒಂದೂ ಬಿಡದೆ ಹೇಳುತ್ತಾರೆ. ಬಂದವರು ನನ್ನನ್ನು ಮೆಚ್ಚಿಕೆಯಿಂದ ನೋಡುತ್ತಾರೆ. ನಾನು ಕಾಫಿ ಮಾಡ್ತೀನಿ ಅಂತ ಎದ್ದು ಒಳಗೆ ಹೋಗುತ್ತೇನೆ. ಆದರೂ ಅವರ ಕೊನೆಯ ಮಾತು ಅಡುಗೆಮನೆಯ ತನಕ ಕೇಳಿಸುತ್ತೆ: "ಇವಳಿಲ್ದೇ ಇದ್ದಿದ್ರೆ ಅವತ್ತು ನನ್ನ ಗತಿ ಏನಾಗ್ತಿತ್ತೋ!"

ಏನಾಗುತ್ತಿತ್ತು? ಮೂರು ಹಾಳೆ ತೋರಿಸಿ ಸುಖವಾಗಿ ಮನೆಗೆ ಬಂದಿರುತ್ತಿದ್ದರು.